ಮನೆಗೆ ಬಂದ ಕೋಳಿಮರಿ



ಗುಲಾಬಿ, ಹಸಿರು, ನೀಲಿ ಬಣ್ಣ ಹಚ್ಚಿದ ಕೋಳಿಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುವವರನ್ನು ನೀವೂ ನೋಡಿರುತ್ತೀರಿ. ಮಗು ಹಟ ಹಿಡಿಯುತ್ತದೆ, ನೀವು ಕೊಡಿಸುತ್ತೀರಿ. ಎರಡೇ ದಿನದಲ್ಲಿ ಮರಿ ಸಾಯುತ್ತದೆ. "ಅದರ ಆಯುಸ್ಸೇ ಅಷ್ಟು" ಎಂದು ಮಗುವನ್ನು ಸಮಾಧಾನಪಡಿಸುತ್ತೇವೆ. ಆದರೆ ಅದು ನಿಜವಲ್ಲ. ಚೆನ್ನಾಗಿ ಸಾಕಿದ ಕೋಳಿ ಐದಾರು ವರ್ಷ ಬದುಕಬಲ್ಲದು.

ಈ ಮರಿಗಳು ಹೆಚ್ಚಾಗಿ ಮೊಟ್ಟೆ ಕೋಳಿಗಳ ಹ್ಯಾಚರಿಯಿಂದ ಬಂದ ಗಂಡುಗಳು. ಮೊಟ್ಟೆ ಇಡುವುದಿಲ್ಲವಾದ್ದರಿಂದ ಅಲ್ಲಿ ಯಾರಿಗೂ ಬೇಡವಾದವು. ತಾಯಿಯ ರೆಕ್ಕೆಯ ಕಾವಿಲ್ಲದೆ ಬೀದಿಗೆ ಬಂದ ಇವುಗಳನ್ನು ಚಳಿ ಮತ್ತು ಬಾಯಾರಿಕೆಯೇ ಹೆಚ್ಚಾಗಿ ಕೊಲ್ಲುತ್ತವೆ.

ಹಾಗಾಗಿ ಮೊದಲು ಕಾವು. ಮೊದಲ ವಾರ ಮರಿಗೆ ಸುಮಾರು 35 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಆಮೇಲೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸಬಹುದು. ಅಗಲವಾದ ರಟ್ಟಿನ ಪೆಟ್ಟಿಗೆಯ ಒಂದು ಬದಿಯಲ್ಲಿ, ರಟ್ಟಿಗೆ ತಾಗದಂತೆ, ಹಳೆಯ ಕಾಲದ 60 ವ್ಯಾಟಿನ ಬಲ್ಬು ತೂಗುಹಾಕಿ. ಎಲ್‌ಇಡಿ ಬಲ್ಬು ಇದಕ್ಕೆ ಆಗದು, ಅದರಲ್ಲಿ ಸಾಕಷ್ಟು ಶಾಖವಿಲ್ಲ. ಮರಿಗಳು ಬಲ್ಬಿನ ಕೆಳಗೆ ಒತ್ತೊತ್ತಾಗಿ ನಿಂತು ಚೀರಿದರೆ ಚಳಿ ಎಂದರ್ಥ. ದೂರ ಸರಿದು ಬಾಯಿ ತೆರೆದು ಏದುಸಿರು ಬಿಟ್ಟರೆ ಸೆಕೆ. ಚೆನ್ನೈ, ಹೈದರಾಬಾದಿನ ಬೇಸಿಗೆಯ ಹಗಲಲ್ಲಿ ಬಲ್ಬು ಬೇಕಾಗದೇ ಇರಬಹುದು. ಕರೆಂಟು ಹೋದರೆ ಬಿಸಿನೀರಿನ ಬಾಟಲಿಗೆ ಬಟ್ಟೆ ಸುತ್ತಿ ಇಡಿ.

ನೆಲಕ್ಕೆ ಭತ್ತದ ಹೊಟ್ಟು ಅಥವಾ ಗೋಣಿತಾಟು ಹಾಸಿ. ನುಣುಪಾದ ಟೈಲ್ಸಿನ ಮೇಲೆ ಕಾಲು ಜಾರಿ ಸೊಟ್ಟಗಾಗುತ್ತವೆ. ಒದ್ದೆಯಾದ ಹೊಟ್ಟನ್ನು ಆಗಾಗ ತೆಗೆಯಿರಿ. ತೇವವಿದ್ದಲ್ಲಿ ರಕ್ತಭೇದಿ ರೋಗ ಬೇಗ ಹರಡುತ್ತದೆ.

ಮೇವಿಗಿಂತ ಮೊದಲು ನೀರು. ಕುದಿಸಿ ಆರಿಸಿದ ನೀರಿಗೆ ಚಿಟಿಕೆ ಬೆಲ್ಲ ಹಾಕಿ, ಮರಿಯ ಕೊಕ್ಕನ್ನು ಒಮ್ಮೆ ತಾಗಿಸಿ. ಆಮೇಲೆ ಅದೇ ಕುಡಿಯುತ್ತದೆ. ತಟ್ಟೆ ಆಳವಿರಬಾರದು. ನಾಲ್ಕು ಕಲ್ಲುಹರಳು ಹಾಕಿಟ್ಟರೆ ಮರಿ ಮುಳುಗುವ ಭಯವಿಲ್ಲ.

ಇನ್ನು ಮೇವು. ಮೊದಲ ದಿನ ಅಕ್ಕಿನುಚ್ಚು, ಒಡೆದ ಜೋಳ ಕೊಡಬಹುದು. ಆದರೆ ಬರೀ ನುಚ್ಚಿನಲ್ಲಿ ಮರಿ ಬೆಳೆಯದು. ಅದಕ್ಕೆ ಶೇಕಡಾ 20ರಷ್ಟು ಪ್ರೋಟೀನು ಬೇಕು. ಕೋಳಿಮೇವಿನ ಅಂಗಡಿಯಲ್ಲಿ 'ಚಿಕ್ ಸ್ಟಾರ್ಟರ್' ಎಂದು ಕೇಳಿ, ಎಂಟು ವಾರ ಅದನ್ನೇ ಕೊಡಿ. ಮೊಟ್ಟೆ ಕೋಳಿಯ ಮೇವು ಬೇಡ, ಅದರಲ್ಲಿರುವ ಹೆಚ್ಚಿನ ಸುಣ್ಣದಂಶ ಮರಿಯ ಮೂತ್ರಪಿಂಡಕ್ಕೆ ಕೆಡುಕು. ಚೂಡಾ, ಬಿಸ್ಕತ್ತು, ಉಪ್ಪು ಹಾಕಿದ ಅನ್ನವೂ ಬೇಡ.

ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲೇ ಕಣ್ಣಿಗೆ ಅಥವಾ ಮೂಗಿಗೆ ಹನಿ ಲಸಿಕೆ ಹಾಕಿಸಬೇಕು. ಪಶುವೈದ್ಯರನ್ನು ಕೇಳಿ. ಮರಿಯನ್ನು ಮುಟ್ಟಿದ ಮೇಲೆ ಮಕ್ಕಳು ಸೋಪು ಹಚ್ಚಿ ಕೈ ತೊಳೆಯಲಿ, ಅದಕ್ಕೆ ಮುತ್ತು ಕೊಡದಿರಲಿ. ಹಲವು ಮರಿಗಳು ಒಮ್ಮೆಲೇ ಸತ್ತರೆ ಬರಿಗೈಯಲ್ಲಿ ಮುಟ್ಟದೆ ಪಶು ಆಸ್ಪತ್ರೆಗೆ ತಿಳಿಸಿ.

ಆರು ವಾರಕ್ಕೆ ಮೈತುಂಬ ಗರಿ ಬಂದು ಬಲ್ಬು ಬೇಡವಾಗುತ್ತದೆ. ಕೆಲವು ತಿಂಗಳಲ್ಲಿ ಹುಂಜ ಬೆಳಗಿನ ಜಾವಕ್ಕೇ ಕೂಗತೊಡಗುತ್ತದೆ. ಫ್ಲ್ಯಾಟಿನ ನೆರೆಯವರು ಸಹಿಸಿಯಾರೇ? ಊರಿನಲ್ಲಿ ಹಿತ್ತಿಲಿರುವ ಬಂಧುಗಳಿದ್ದಾರೆಯೇ? ಇದನ್ನು ಕೊಳ್ಳುವ ಮೊದಲೇ ಯೋಚಿಸಿ. ಹಿತ್ತಿಲು ಇರುವವರು ಬೀದಿಯ ಮರಿ ಬಿಟ್ಟು ಬೆಂಗಳೂರಿನ ಗಿರಿರಾಜ, ಹೈದರಾಬಾದಿನ ವನರಾಜ ತಳಿಗಳನ್ನು ವಿಚಾರಿಸಿ. ಹಿತ್ತಿಲ ಸಾಕಣೆಗೆಂದೇ ಬಂದ ತಳಿಗಳವು.

ಜಾಗವಿಲ್ಲ, ಸಮಯವಿಲ್ಲ ಎನ್ನುವವರು ಮಗುವಿನ ಕೈ ಹಿಡಿದು ಬುಟ್ಟಿಯನ್ನು ದಾಟಿ ಮುಂದೆ ನಡೆಯಿರಿ. ಅದೂ ಮರಿಗೆ ಮಾಡುವ ಉಪಕಾರವೇ.