ಕೆರಳುವ ಕರುಳು



ಹೊಟ್ಟೆಯ ತೊಂದರೆಯನ್ನು ನಾಲ್ವರ ಮುಂದೆ ಆಡುವುದು ಸಭ್ಯತೆಯಲ್ಲವೆಂದು ಭಾವಿಸುವುದು ನಮ್ಮಲ್ಲಿ ರೂಢಿ. ತಲೆ ನೋಯುತ್ತದೆಂದು ಹೇಳಿಕೊಳ್ಳಬಹುದು, ಮೊಣಕಾಲು ಹಿಡಿದಿದೆಯೆಂದು ಹೇಳಿಕೊಳ್ಳಬಹುದು. ಬೆಳಗಿನಲ್ಲಿ ನಾಲ್ಕು ಸಲ ಬಹಿರ್ದೆಸೆಗೆ ಹೋಗಬೇಕಾಯಿತೆಂದು ಮಾತ್ರ ಹೇಳಿಕೊಳ್ಳುವಂತಿಲ್ಲ. ಈ ಸಂಕೋಚದ ಮರೆಯಲ್ಲಿ ವರ್ಷಗಟ್ಟಲೆ ಅಡಗಿ ಮನುಷ್ಯನನ್ನು ಕಾಡುವ ಒಂದು ವ್ಯಾಧಿಯ ವಿಷಯವಾಗಿ ಈ ದಿನ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇವೆ. ವೈದ್ಯರು ಇದಕ್ಕೆ ಇರಿಟಬಲ್ ಬವೆಲ್ ಸಿಂಡ್ರೋಮ್ ಎಂದು ಹೆಸರಿಟ್ಟಿದ್ದಾರೆ, ಸಂಕ್ಷೇಪವಾಗಿ ಐ.ಬಿ.ಎಸ್. ಎನ್ನುವರು. ನಾವು ಇದನ್ನು ಕೆರಳುವ ಕರುಳು ಎಂದು ಕರೆಯೋಣ.

ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ ಸುಮಾರು 20 ಕಿಲೋಮೀಟರಿನ ದಾರಿ. ದಿನವೂ ಸಾವಿರಾರು ಜನ ಉದ್ಯೋಗಕ್ಕೆಂದು, ಓದಿಗೆಂದು ಈ ದಾರಿಯಲ್ಲಿ ಹೋಗಿಬರುವರು. ಅವರಿಗೆ ಇದೊಂದು ಪ್ರಯಾಣವೇ ಅಲ್ಲ. ಆದರೆ ಕರುಳು ಕೆರಳಿದವನಿಗೆ ಇಷ್ಟೇ ದಾರಿ ಕಾಶಿಯಾತ್ರೆಯಷ್ಟು ದೂರವಾಗಿ ತೋರುತ್ತದೆ. ಬಸ್ಸು ಹತ್ತುವ ಮುನ್ನ ಅವನು ಚಹವನ್ನು ಮುಟ್ಟುವುದಿಲ್ಲ. ಬಾಗಿಲ ಬಳಿಯ ಆಸನವನ್ನೇ ಹುಡುಕುವನು. ನಡುದಾರಿಯಲ್ಲಿ ಎಲ್ಲಿ ಶೌಚಾಲಯವಿದೆಯೆಂಬುದು ಅವನಿಗೆ ಬಾಯಿಪಾಠವಾಗಿರುತ್ತದೆ. ಹೆಂಗಸರ ಪಾಡು ಇದಕ್ಕಿಂತಲೂ ಕಷ್ಟ. ಮದುವೆ ಮುಂಜಿಗಳ ಕರೆ ಬಂದರೆ ಏನಾದರೊಂದು ನೆಪ ಹೇಳಿ ಮನೆಯಲ್ಲಿಯೇ ಉಳಿಯುವವರುಂಟು. ಇದರಿಂದ ಪ್ರಾಣಹಾನಿಯಿಲ್ಲ, ಕರುಳು ಹುಣ್ಣಾಗುವುದಿಲ್ಲ, ಇದು ಅರ್ಬುದವಾಗಿ ಮಾರ್ಪಡುವುದೂ ಇಲ್ಲ. ಆದರೂ ಬದುಕನ್ನು ದಿನದಿನಕ್ಕೆ ಕಿರಿದು ಮಾಡುವ ಶಕ್ತಿ ಇದಕ್ಕುಂಟು.

ಇದೇನು ಹೊಸ ಕಾಲದ ರೋಗವೆಂದು ತಿಳಿಯಬಾರದು. ಮಲವು ಒಮ್ಮೆ ಬದ್ಧವಾಗಿ ಒಮ್ಮೆ ದ್ರವವಾಗಿ ಹೋಗುವ ಅವಸ್ಥೆಯನ್ನು ನಮ್ಮ ಆಯುರ್ವೇದ ಗ್ರಂಥಗಳು ಗ್ರಹಣಿಯ ಪ್ರಕರಣದಲ್ಲಿ ಹೇಳಿವೆ; ಎರಡೂ ಒಂದೇ ಎಂದು ಹೇಳಲಾಗದಿದ್ದರೂ ಇಂಥ ರೋಗಿಗಳನ್ನು ಪ್ರಾಚೀನರು ಕಂಡಿದ್ದರೆಂಬುದು ಸ್ಪಷ್ಟ. 1849ರಲ್ಲಿ ಕಮ್ಮಿಂಗ್ ಎಂಬ ಆಂಗ್ಲ ವೈದ್ಯನು, ಒಬ್ಬನೇ ಮನುಷ್ಯನಲ್ಲಿ ಮಲಬದ್ಧತೆಯೂ ಭೇದಿಯೂ ಸರದಿಯಂತೆ ಬರುವುದನ್ನು ಕಂಡು, ಇದಕ್ಕೆ ಕಾರಣವೇನೆಂದು ಬೆರಗಾಗಿ ಬರೆದನು.

ಹಾಗಾದರೆ ಇದನ್ನು ಗುರುತಿಸುವುದು ಹೇಗೆ? ಈ ವ್ಯಾಧಿಯ ತಜ್ಞರು 2016ರಲ್ಲಿ ಪ್ರಕಟಿಸಿದ, ರೋಮ್ ನಗರದ ಹೆಸರಿನಿಂದ ಪ್ರಸಿದ್ಧವಾದ ನಿರ್ಣಯದಂತೆ, ಮುಖ್ಯ ಲಕ್ಷಣ ಹೊಟ್ಟೆನೋವು. ಕಳೆದ 3 ತಿಂಗಳಲ್ಲಿ ಸರಾಸರಿ ವಾರಕ್ಕೆ ಒಂದು ದಿನವಾದರೂ ನೋವು ಬಂದಿರಬೇಕು. ಅದರೊಡನೆ ಮೂರು ಸಂಗತಿಗಳಲ್ಲಿ ಎರಡಾದರೂ ಕೂಡಿರಬೇಕು: ನೋವಿಗೂ ಮಲವಿಸರ್ಜನೆಗೂ ಸಂಬಂಧವಿರುವುದು, ಹೋಗುವ ಸಲಗಳಲ್ಲಿ ಹೆಚ್ಚುಕಡಮೆಯಾಗುವುದು, ಮಲದ ರೂಪ ಬದಲಾಗುವುದು. ತೊಂದರೆ ಮೊದಲಾಗಿ 6 ತಿಂಗಳಾದರೂ ಆಗಿರಬೇಕು. ಹೊಟ್ಟೆಯುಬ್ಬರ, ಹೋಗಿಬಂದರೂ ಪೂರ್ತಿಯಾಗಲಿಲ್ಲವೆಂಬ ಭಾವನೆ, ಆಮ ಬೀಳುವುದು, ಇವೂ ಸಾಮಾನ್ಯ. 33 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಸುಮಾರು 4 ಜನರಲ್ಲಿ ಈ ಲಕ್ಷಣಗಳು ಕಂಡುಬಂದವು. ಆದುದರಿಂದ ಈ ಕಷ್ಟ ತನಗೊಬ್ಬನಿಗೇ ಬಂದಿದೆಯೆಂದು ಯಾರೂ ಎಣಿಸಬೇಕಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ಮಲದಲ್ಲಿ ರಕ್ತ, ಕಾರಣವಿಲ್ಲದೆ ಮೈ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ರೆಯಿಂದ ಎಬ್ಬಿಸುವಂಥ ಭೇದಿ, ವಯಸ್ಸು 45 ದಾಟಿದ ಮೇಲೆ ಹೊಸದಾಗಿ ಆರಂಭವಾದ ಬದಲಾವಣೆ, ಮನೆತನದಲ್ಲಿ ಕರುಳಿನ ಅರ್ಬುದ, ಇವುಗಳಲ್ಲಿ ಯಾವುದೊಂದಿದ್ದರೂ ಅದನ್ನು ಕೆರಳುವ ಕರುಳೆಂದು ಬಗೆದು ಸುಮ್ಮನಿರಕೂಡದು. ನಮ್ಮ ದೇಶದಲ್ಲಿ ಕರುಳಿನ ಕ್ಷಯ ಇನ್ನೂ ಉಂಟು. ಸಂಜೆಯ ಜ್ವರ, ಕ್ಷೀಣತೆ, ಹೊಟ್ಟೆಯ ಬಲಗಡೆಯ ಕೆಳಭಾಗದಲ್ಲಿ ನೋವು, ಇವು ಅದರ ಸೂಚನೆಗಳಾಗಬಹುದು. ಆಮಶಂಕೆ, ಜಂತುಹುಳು ಮೊದಲಾದವೂ ಇದೇ ವೇಷದಲ್ಲಿ ಬರಬಲ್ಲವು. ‘ಬಟ್ಟಿ ಬಿದ್ದಿದೆ’ ಎಂದು ಹೊಟ್ಟೆ ತಿಕ್ಕಿಸಿಕೊಳ್ಳುತ್ತ ತಿಂಗಳುಗಳನ್ನು ಕಳೆಯುವವರು ಈ ಮಾತನ್ನು ಮನಸ್ಸಿನಲ್ಲಿಡಬೇಕು. ವೈದ್ಯರು ರೋಗಿಯನ್ನು ನೋಡಿ ರಕ್ತವನ್ನೂ ಮಲವನ್ನೂ ಪರೀಕ್ಷಿಸಿದರೆ ಬಹುಮಟ್ಟಿಗೆ ಸಂಶಯ ತೀರುತ್ತದೆ. ಹಾಗೆ ತೀರಿದ ಮೇಲೆ ಊರೂರು ತಿರುಗಿ ಅದೇ ಚಿತ್ರಗಳನ್ನು ಮತ್ತೆ ಮತ್ತೆ ತೆಗೆಯಿಸುವುದು ಹಣದ ವ್ಯಯ. ಅದರಿಂದ ಭಯ ಬೆಳೆಯುವುದೇ ಹೊರತು ಕಡಮೆಯಾಗುವುದಿಲ್ಲ.

ಪರೀಕ್ಷೆಯಲ್ಲಿ ಏನೂ ಕಾಣದಿದ್ದರೆ ‘ನಿನಗೇನೂ ಆಗಿಲ್ಲ’ ಎಂದು ಮನೆಯವರು ಹೇಳಿಬಿಡುವರು. ಇದು ಸರಿಯಲ್ಲ. ನೋವು ನಿಜವಾದುದು. ಕರುಳಿನ ಗೋಡೆಯೊಳಗೆ ಹತ್ತು ಕೋಟಿಗೂ ಮೇಲ್ಪಟ್ಟ ನರಕೋಶಗಳಿವೆ. ಇವು ಮಿದುಳಿನೊಡನೆ ಹಗಲಿರುಳು ಸುದ್ದಿ ಹಂಚಿಕೊಳ್ಳುತ್ತಿರುತ್ತವೆ. ಈ ಸಂಭಾಷಣೆಯಲ್ಲಿ ವ್ಯತ್ಯಾಸವಾದಾಗ ಕರುಳಿನ ಚಲನೆ ಕೆಡುತ್ತದೆ, ಸಂವೇದನೆ ತೀಕ್ಷ್ಣವಾಗುತ್ತದೆ. 1973ರಲ್ಲಿ ರಿಚಿ ಎಂಬ ವೈದ್ಯರು ದೊಡ್ಡ ಕರುಳಿನೊಳಗೆ ಚಿಕ್ಕದೊಂದು ಪುಗ್ಗೆಯನ್ನು ಊದಿ ನೋಡಿದಾಗ, ಇತರರಿಗೆ ನೋವಾಗದಷ್ಟು ಅಲ್ಪವಾದ ಉಬ್ಬಿಗೇ ಈ ರೋಗಿಗಳಲ್ಲಿ ಅನೇಕರಿಗೆ ನೋವಾಯಿತು. ನೆರೆಮನೆಯವರಿಗೆ ಕೇಳಿಸದ ಪಿಸುಮಾತು ಇವರ ಕರುಳಿಗೆ ಕೂಗಾಗಿ ಕೇಳಿಸುತ್ತದೆಂದರೆ ತಪ್ಪಾಗಲಾರದು. ಚಿಂತೆಯೂ ನಿದ್ರಾಭಂಗವೂ ಈ ಕೂಗನ್ನು ಇನ್ನಷ್ಟು ಹೆಚ್ಚಿಸುವುವು.

ಇನ್ನೊಂದು ಕಾರಣವನ್ನು ನಾವು ಮರೆಯಬಾರದು. ಸೋಂಕಿನಿಂದಾದ ಭೇದಿ ವಾಸಿಯಾದ ಮೇಲೆ ಸುಮಾರು ಹತ್ತರಲ್ಲಿ ಒಬ್ಬರಿಗೆ ಕರುಳು ಕೆರಳಿದಂತೆಯೇ ಉಳಿಯುತ್ತದೆ. ಇಲ್ಲಿ ನೀರಿನ ಮಾತು ಬರುತ್ತದೆ. ಹುಬ್ಬಳ್ಳಿ–ಧಾರವಾಡದಲ್ಲಿ ನಳದ ನೀರು ಕೆಲವು ದಿನಗಳಿಗೊಮ್ಮೆ ಬರುತ್ತಿದ್ದ ಕಾಲದಲ್ಲಿ, 2008ರ ಸುಮಾರಿಗೆ, ಕೆಲವು ವಾರ್ಡುಗಳಿಗೆ ಮಾತ್ರ ಹಗಲಿರುಳು ನೀರು ಬರುವ ಏರ್ಪಾಡಾಯಿತು. ಆ ಬಳಿಕ ಎರಡು ಬಗೆಯ ವಾರ್ಡುಗಳ 3,922 ಮನೆಗಳನ್ನು ಸಂಶೋಧಕರು ಹೋಲಿಸಿ ನೋಡಿ 2015ರಲ್ಲಿ ಫಲವನ್ನು ಪ್ರಕಟಿಸಿದರು. ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ಅಂತರ ಕಾಣಲಿಲ್ಲ. ಆದರೆ ನಿರಂತರವಾಗಿ ನೀರು ಬರುವಲ್ಲಿ ಟೈಫಾಯ್ಡ್ ಕಂಡ ಮನೆಗಳು ಶೇಕಡ 42ರಷ್ಟು ಕಡಮೆಯಿದ್ದುವು, ಬಡವರ ಮನೆಗಳಲ್ಲಿ ರಕ್ತಭೇದಿಯೂ ಕಡಮೆಯಿತ್ತು. ಆ ಅಧ್ಯಯನ ಕೆರಳುವ ಕರುಳನ್ನು ಕುರಿತದ್ದಲ್ಲ. ಆದರೂ ಕರುಳಿನ ಆರೋಗ್ಯದಲ್ಲಿ ರೋಗಿಯ ಮನೋಬಲಕ್ಕೆ ಇರುವಷ್ಟೇ ಪಾಲು ಊರಿನ ಕೊಳವೆಗಳಿಗೂ ಇದೆಯೆಂಬುದನ್ನು ಅದು ನೆನಪಿಗೆ ತರುತ್ತದೆ. ಹಿಡಿದಿಟ್ಟ ನೀರನ್ನು ಕುದಿಸಿ ಕುಡಿಯುವುದು, ಅಡಿಗೆಗೆ ಮುನ್ನ ಕೈ ತೊಳೆಯುವುದು, ಇವೂ ಈ ರೋಗದ ತಡೆಯೇ ಸರಿ.

ಇನ್ನು ಊಟದ ವಿಚಾರ. ಕೆಲವು ಪದಾರ್ಥಗಳಲ್ಲಿರುವ ಸಕ್ಕರೆಯ ಜಾತಿಯ ಅಂಶಗಳು ಸಣ್ಣ ಕರುಳಿನಲ್ಲಿ ಹೀರಲ್ಪಡದೆ ಮುಂದೆ ಸರಿದು, ನೀರನ್ನೆಳೆದುಕೊಂಡು, ದೊಡ್ಡ ಕರುಳಿನಲ್ಲಿ ಹುದುಗಿ ವಾಯುವನ್ನು ಹುಟ್ಟಿಸುತ್ತವೆ. ಆಸ್ಟ್ರೇಲಿಯದ ಮೋನಾಶ್ ವಿಶ್ವವಿದ್ಯಾಲಯದವರು ಇವನ್ನು ಅಳೆದು ಫಾಡ್‌ಮ್ಯಾಪ್ ಪಥ್ಯವೆಂಬ ಕ್ರಮವನ್ನು ಏರ್ಪಡಿಸಿದ್ದಾರೆ. ಅದನ್ನು ನಮ್ಮ ಭಾಗದ ತಟ್ಟೆಗೆ ಹೊಂದಿಸಿ ನೋಡಿದರೆ ಸಮಾಧಾನದ ಸಂಗತಿಯೊಂದು ಕಾಣುತ್ತದೆ. ಜೋಳದ ರೊಟ್ಟಿ ಬಹುಮಂದಿಗೆ ಒಗ್ಗುತ್ತದೆ. ತೊಂದರೆ ಕೊಡುವುದು ಹೆಚ್ಚಾಗಿ ಗೋದಿಯ ಚಪಾತಿ. ಶೇಂಗಾ ಚಟ್ನಿ ಮಿತವಾಗಿ ಸಲ್ಲುತ್ತದೆ. ಆದರೆ ರೊಟ್ಟಿಯ ಪಕ್ಕದ ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ, ಕಡಲೆಹಿಟ್ಟಿನ ಝುಣಕ, ಕಾಳಿನ ಪಲ್ಯ, ಹಾಲು, ಬೇಸಗೆಯ ಆಪೂಸು ಮಾವು, ಇವು ಅನೇಕರಿಗೆ ಉಬ್ಬರ ತರುತ್ತವೆ. ಧಾರವಾಡದ ಪೇಢೆಯೂ ಹಾಲಿನ ಸಾರವೇ ಆದುದರಿಂದ ಹಾಲು ಒಗ್ಗದವರು ಅದನ್ನು ಅಳತೆಯಿಂದ ತಿನ್ನಬೇಕು. ಮೆಣಸಿನಕಾಯಿಯ ಖಾರ ಕರುಳಿನ ನೋವಿನ ನರತುದಿಗಳನ್ನೇ ತಟ್ಟುತ್ತದೆ. ಬ್ಯಾಡಗಿ ಮೆಣಸಿನಕಾಯಿಯಲ್ಲಿ ಬಣ್ಣ ಹೆಚ್ಚು, ಖಾರ ಕಡಮೆ, ಆದುದರಿಂದ ಅದು ಮೇಲು. ಸಂಜೆಯ ಮಿರ್ಚಿ ಭಜಿಯಲ್ಲಿ ಖಾರ, ಕಡಲೆಹಿಟ್ಟು, ಎಣ್ಣೆ ಮೂರೂ ಕೂಡಿರುವುದರಿಂದ ಅದು ಕರುಳಿಗೆ ತ್ರಿವಿಧ ಪರೀಕ್ಷೆ.

ಒಂದು ಉಪಾಯವನ್ನು ಗೃಹಿಣಿಯರು ಗಮನಿಸಬಹುದು. ಉಳ್ಳಾಗಡ್ಡಿ ಬೆಳ್ಳುಳ್ಳಿಗಳಲ್ಲಿರುವ ಉಬ್ಬರದ ಅಂಶ ನೀರಿನಲ್ಲಿ ಕರಗುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಆದುದರಿಂದ ಬೆಳ್ಳುಳ್ಳಿಯ ಎಸಳನ್ನು ಎಣ್ಣೆಯಲ್ಲಿ ಹುರಿದು, ಎಸಳನ್ನು ತೆಗೆದುಹಾಕಿ, ಆ ಎಣ್ಣೆಯಿಂದ ಒಗ್ಗರಣೆ ಕೊಟ್ಟರೆ ರುಚಿಯೂ ಉಳಿಯುತ್ತದೆ, ಹೊಟ್ಟೆಯೂ ಉಳಿಯುತ್ತದೆ.

ಆದರೆ ಪಥ್ಯವನ್ನು ವ್ರತವಾಗಿ ಮಾಡಿಕೊಳ್ಳಬಾರದು. ಬಲ್ಲವರ ಸಲಹೆಯಂತೆ ನಾಲ್ಕರಿಂದ ಆರು ವಾರ ಮಾತ್ರ ಬಿಟ್ಟು, ಬಳಿಕ ಒಂದೊಂದನ್ನೇ ಮರಳಿ ತಿಂದು ನೋಡಿ, ತನಗೆ ಒಗ್ಗದುದನ್ನು ಮಾತ್ರ ದೂರವಿಡಬೇಕು. ಎಲ್ಲವನ್ನೂ ಕಾಯಮ್ಮಾಗಿ ಬಿಟ್ಟರೆ ದೇಹ ಬಡವಾಗುವುದು. ಹೊತ್ತುಹೊತ್ತಿಗೆ ಊಟ, ಚಹ ದಿನಕ್ಕೆ ಮೂರು ಬಟ್ಟಲಿಗೆ ಮೀರದಿರುವುದು, ನಿತ್ಯ ನಡಿಗೆ, ಇವು ಎಲ್ಲರಿಗೂ ಹಿತ. ಇಸಬಗೋಲನ್ನು ಅಲ್ಪದಿಂದ ಮೊದಲುಮಾಡಿ ಧಾರಾಳವಾಗಿ ನೀರಿನೊಡನೆ ತೆಗೆದುಕೊಂಡರೆ ಅನೇಕರಿಗೆ ಗುಣ. ಗೋದಿಯ ತೌಡು ಮಾತ್ರ ಉಬ್ಬರವನ್ನು ಹೆಚ್ಚಿಸುವುದುಂಟು.

ಔಷಧಗಳೂ ಇವೆ. ಕರುಳಿನ ಹಿಡಿತವನ್ನು ಸಡಿಲಿಸುವುವು, ಪುದೀನ ಜಾತಿಯ ಎಣ್ಣೆಯ ಗುಳಿಗೆಗಳು, ಭೇದಿಗೆ ಒಂದು, ಬದ್ಧತೆಗೆ ಒಂದು, ಹೀಗೆ ವೈದ್ಯರು ಲಕ್ಷಣವನ್ನು ನೋಡಿ ಕೊಡುವರು. ಕೆಲವೊಮ್ಮೆ ಮನಸ್ಸಿನ ಖಿನ್ನತೆಗೆ ಕೊಡುವ ಅಮಿಟ್ರಿಪ್ಟಿಲಿನ್ ಎಂಬ ಔಷಧವನ್ನು ಅತ್ಯಲ್ಪ ಪ್ರಮಾಣದಲ್ಲಿ ಬರೆಯುವರು. ರೋಗಿ ಚೀಟಿಯನ್ನು ಕಂಡು ‘ನನ್ನನ್ನು ಹುಚ್ಚನೆಂದು ತಿಳಿದರು’ ಎಂದು ಮುನಿಯುವನು. ಇಂಗ್ಲೆಂಡಿನಲ್ಲಿ 463 ರೋಗಿಗಳ ಮೇಲೆ ನಡೆದು 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಈ ಔಷಧ ಹುಸಿ ಗುಳಿಗೆಗಿಂತ ಹೆಚ್ಚು ಗುಣ ತೋರಿತು. ಅದು ಶಮನ ಮಾಡುವುದು ಕರುಳಿನ ನರಗಳ ಕೂಗನ್ನು. ಧಾರವಾಡದಲ್ಲಿ ಮನೋರೋಗದ ಆಸ್ಪತ್ರೆ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಅದರ ಹೆಸರೆತ್ತಿದೊಡನೆ ಜನ ಮುಖ ತಿರುಗಿಸುವುದೂ ಅಷ್ಟೇ ಹಳೆಯದು. ಮನಸ್ಸನ್ನು ಸಮಾಧಾನಗೊಳಿಸುವ ಚಿಕಿತ್ಸೆಗಳಿಂದ ಕರುಳಿಗೆ ಗುಣವಾಗುವುದೆಂದು ಸಿದ್ಧವಾಗಿರುವಾಗ, ಅಂಥ ವೈದ್ಯರ ಬಾಗಿಲಿಗೆ ಹೋಗಲು ನಾಚಬೇಕಾದುದಿಲ್ಲ.

ಕಡೆಯದಾಗಿ ಮನೆಯವರಿಗೆ ಒಂದು ಮಾತು. ನಮ್ಮ ಸೀಮೆಯಲ್ಲಿ ಒತ್ತಾಯಪಡಿಸಿ ಬಡಿಸುವುದೇ ಆದರ. ‘ಇನ್ನೊಂದು ಹೋಳಿಗಿ ತಗೋರಿ’ ಎಂಬ ಉಪಚಾರ ಪ್ರೀತಿಯಿಂದಲೇ ಬರುವುದು. ಆದರೆ ಪಂಕ್ತಿಯಲ್ಲಿ ಕುಳಿತವರೊಬ್ಬರು ಎಲೆಯ ಮೇಲೆ ಕೈಯಡ್ಡ ಹಿಡಿದರೆ, ಕಾರಣ ಕೇಳದೆ ಮುಂದಿನ ಎಲೆಗೆ ಸಾಗುವುದೂ ಆದರವೇ. ಮಕ್ಕಳಾಗಲಿ ಸೊಸೆಯಾಗಲಿ ಮತ್ತೆ ಮತ್ತೆ ಎದ್ದುಹೋದರೆ ನಗೆಯಾಡದಿರುವುದು, ‘ನೆಪ’ ಎನ್ನದಿರುವುದು, ಪ್ರಯಾಣದಲ್ಲಿ ನಡುವೆ ನಿಲ್ಲಿಸಲು ಬೇಸರಿಸದಿರುವುದು, ಇವು ಯಾವ ಅಂಗಡಿಯಲ್ಲಿಯೂ ದೊರೆಯದ ಔಷಧಗಳು. ರೋಗ ಪೂರ್ತಿಯಾಗಿ ಬಿಡದೆ ಹೋದರೂ, ಅದನ್ನು ತಿಳಿದವರ ನಡುವೆ ಬಾಳುವವನಿಗೆ ಅದರ ಭಾರ ಅರ್ಧವಾಗುತ್ತದೆ.