ಕಾಳು, ಬಾಡು ಮತ್ತು ಕನ್ನಡದ ಒಲೆ

(ಇಂದಿರಾಪುರಂನ ಕನ್ನಡಿಗರ ಕೂಟದಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಹೊರನಾಡಿನ ನಮ್ಮ ಕೂಟಗಳಲ್ಲಿ ಕರ್ನಾಟಕದ ಊಟದ ಮಾತು ಬಂದಾಗಲೆಲ್ಲ ಬಿಸಿಬೇಳೆ ಬಾತು, ಚಿರೋಟಿ, ಮೈಸೂರು ಪಾಕು, ದೋಸೆಗಳ ಹೆಸರುಗಳು ಸಾಲಾಗಿ ಬರುತ್ತವೆ. ಇವು ನಮ್ಮವೇ, ಸವಿಯಾದವೇ, ಅದರಲ್ಲಿ ತಕರಾರಿಲ್ಲ. ಆದರೆ ಕಾಳು ಹಾಕಿ ಕುದಿಸಿದ ಬಾಡಿನ ಸಾರು, ಅದರಲ್ಲಿಯೂ ದನದ ಬಾಡಿನ ಸಾರು, ಈ ಸಾಲಿನಲ್ಲಿ ಸೇರಿದ್ದನ್ನು ನಾನು ಕಂಡಿಲ್ಲ. ನಾಡಿನ ಅಸಂಖ್ಯ ಮನೆಗಳಲ್ಲಿ ಬೇಯುವ ಈ ಅಡುಗೆ ನಮ್ಮ ಸ್ಮರಣ ಸಂಚಿಕೆಗಳಲ್ಲಿ ಬೇಯುವುದಿಲ್ಲ. ಇಂದು ಆ ಒಂದು ಅಡುಗೆಯನ್ನೇ ಎದುರಿಗಿಟ್ಟುಕೊಂಡು ಮಾತನಾಡಬೇಕೆಂದಿದ್ದೇನೆ. ಒಣಕಾಳನ್ನು ಬೇಯಿಸುವ ಕ್ರಮ, ಅದರ ಹಿಂದಿರುವ ಬಡವರ ಅರ್ಥಶಾಸ್ತ್ರ, ನಮ್ಮ ನೆಲದ ಇತಿಹಾಸ, ಇಲ್ಲಿನ ಕಾನೂನು ಮತ್ತು ಭಯ ಇವೆಲ್ಲ ಬೇರೆಬೇರೆ ಸಂಗತಿಗಳೆಂದು ತೋರಬಹುದು. ನನ್ನ ತಿಳಿವಿನಲ್ಲಿ ಇವು ಒಂದೇ ಮಡಕೆಯೊಳಗಿನವು.

ಮೊದಲು ಅರ್ಥಶಾಸ್ತ್ರದ ಮಾತು. ವರ್ಷಗಟ್ಟಲೆ ನೇಗಿಲು ಎಳೆದ ಎತ್ತಿನ, ಹತ್ತಾರು ಸಲ ಈದು ಹಾಲು ಬತ್ತಿದ ಎಮ್ಮೆಯ ಮಾಂಸ ಮೃದುವಾಗಿರುವುದಿಲ್ಲ. ದುಡಿದ ಸ್ನಾಯುವಿನಲ್ಲಿ ನಾರು ಹೆಚ್ಚು. ಆ ನಾರು ಕರಗಿ ಅಂಟಾಗಬೇಕಾದರೆ ಹದವಾದ ಉರಿಯಲ್ಲಿ ಎರಡು ಮೂರು ಗಂಟೆ ಬೇಯಬೇಕು. ಒಣಗಿದ ಅವರೆ, ಹುರುಳಿ, ಅಲಸಂದೆಗಳಿಗೂ ಬೇಕಾದುದು ಕಾಲವೇ. ಎರಡು ಗಟ್ಟಿ ಪದಾರ್ಥಗಳು, ಒಂದೇ ಉರಿ. ಕೊಳ್ಳಲು ಅಗ್ಗವಾದ, ಬೇಯಲು ನಿಧಾನವಾದ ಇವೆರಡನ್ನು ಜೊತೆಗೂಡಿಸಿದವರು ಕಾಸಿಗಿಂತ ತಾಳ್ಮೆಯೇ ಹೆಚ್ಚಿದ್ದ ಜನ. ಅರ್ಧ ಕಿಲೋ ಬಾಡು ಹತ್ತು ಮಂದಿಯ ಮನೆಗೆ ಸಾಲದು. ಅದರ ರಸವನ್ನು ಹೀರಿಕೊಂಡ ಒಂದು ಸೇರು ಕಾಳು ಹತ್ತು ತಟ್ಟೆಗಳಲ್ಲಿಯೂ ಬಾಡಿನ ರುಚಿಯನ್ನು ಹಂಚುತ್ತದೆ. ತುಂಡು ಸಿಗದ ಮಗುವಿಗೂ ಕಾಳು ಸಿಗುತ್ತದೆ.

ಈ ಬುದ್ಧಿ ನಮ್ಮವರದು ಮಾತ್ರವಲ್ಲ. ಸಬ್ಬತ್ತಿನ ದಿನ ಬೆಂಕಿ ಹೊತ್ತಿಸಬಾರದೆಂಬ ಕಟ್ಟಳೆಯಿದ್ದ ಪೂರ್ವ ಯುರೋಪಿನ ಯಹೂದಿಗಳು ಶುಕ್ರವಾರ ಸಂಜೆಯೇ ದನದ ಮಾಂಸ, ಕಾಳು, ಬಾರ್ಲಿಗಳನ್ನು ಕೂಡಿಸಿ ರಾತ್ರಿಯಿಡೀ ಮಂದ ಶಾಖದಲ್ಲಿಟ್ಟರು, ಅದು ಚೋಲೆಂಟ್. ಬ್ರೆಜಿಲ್‌ನಲ್ಲಿ ಕಪ್ಪು ಕಾಳಿನೊಡನೆ ಹಂದಿ ಮಾಂಸವನ್ನೂ ಒಣಗಿಸಿದ ದನದ ಮಾಂಸವನ್ನೂ ಕುದಿಸಿದ ಫೆಜೋವಾದ ಇಂದು ಆ ದೇಶದ ಹೆಮ್ಮೆಯ ಊಟವೆನಿಸಿದೆ. ನಮ್ಮಲ್ಲಿಯೇ, ಕಲಬುರಗಿ ಬೀದರುಗಳ ಮುಸ್ಲಿಂ ಮದುವೆಗಳ ದಾಲ್‌ಚಾ ಬೇಳೆ, ಬಾಡು, ಸೋರೆಕಾಯಿಗಳ ಇಂಥದೇ ಕೂಟ.

ಇನ್ನು ಇತಿಹಾಸ. ಬಳ್ಳಾರಿಯ ಪಕ್ಕದ ಸಂಗನಕಲ್ಲು, ತೆಕ್ಕಲಕೋಟೆ, ಹಾವೇರಿ ಸೀಮೆಯ ಹಳ್ಳೂರು ಮೊದಲಾದ ನೆಲೆಗಳಲ್ಲಿ ದೊರೆತ ಸುಟ್ಟ ಕಾಳುಗಳನ್ನು ಪರೀಕ್ಷಿಸಿದ ವಿದ್ವಾಂಸರು ದಕ್ಷಿಣದ ನವಶಿಲಾಯುಗದ ಬೇಸಾಯ ಹುರುಳಿ, ಹೆಸರು, ಕೊರಲೆಗಳ ಮೇಲೆ ನಿಂತಿತ್ತೆಂದು ತೋರಿಸಿದ್ದಾರೆ. ಕಾಲ, ಸುಮಾರು ಕ್ರಿ.ಪೂ. ೩೦೦೦ದಿಂದ ೧೨೦೦. ಅದೇ ಜನ ದನಗಾಹಿಗಳು. ಅವರು ಸಗಣಿ ಸುಟ್ಟು ಉಳಿಸಿಹೋದ ಬೂದಿದಿಬ್ಬಗಳು ಬಳ್ಳಾರಿ ರಾಯಚೂರು ಸೀಮೆಯಲ್ಲಿ ಇಂದಿಗೂ ಇವೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನಗಳನ್ನು ಕಡಿದು ಹಂಚುತ್ತಿದ್ದ ನೆಲಗಟ್ಟೇ ಸಿಕ್ಕಿತು. ನಾವು ನಮ್ಮದೆನ್ನುವ ಅವರೆಯೂ ರಾಗಿಯೂ ಆಫ್ರಿಕಾ ಮೂಲದವು. ಮೆಣಸಿನಕಾಯಿ, ಟೊಮೇಟೊಗಳು ಅಮೆರಿಕದಿಂದ ಬಂದು ಐನೂರು ವರ್ಷವಷ್ಟೆ. ಹುರುಳಿ ಮತ್ತು ದನದ ಬಾಡು ಇವೆಲ್ಲಕ್ಕಿಂತ ಹಿಂದಿನವು. ಕನ್ನಡ ನೆಲದ ಅತಿ ಹಳೆಯ ಊಟ ಯಾವುದೆಂದು ಕೇಳಿದರೆ ಮಣ್ಣು ಕೊಡುವ ಉತ್ತರ ಇದು.

ಗ್ರಂಥಗಳು ಬೇರೆ ಉತ್ತರ ಕೊಡುತ್ತವೆ. ಹನ್ನೊಂದನೆಯ ಶತಮಾನದ ಚಾವುಂಡರಾಯನ ‘ಲೋಕೋಪಕಾರ’ದ ಅಡುಗೆಯ ಭಾಗವಾಗಲಿ, ಹದಿನಾರನೆಯ ಶತಮಾನದ ಜೈನ ಕವಿ ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವಾಗಲಿ ಸಸ್ಯಾಹಾರವನ್ನೇ ಹೇಳುತ್ತವೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ಹನ್ನೆರಡನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಬಗೆಬಗೆಯ ಮಾಂಸದ ಅಡುಗೆಗಳಿವೆ, ಆದರೆ ಅದು ಅರಮನೆಯ ಭೋಗ. ಹೊಲೆಮಾದಿಗರ ಕೇರಿಯ ಮಡಕೆಯೊಳಗೆ ಏನಿತ್ತೆಂಬುದನ್ನು ಬರೆದಿಡುವ ಲೇಖನಿ ಆ ಕೇರಿಯೊಳಕ್ಕೆ ಬರಲೇ ಇಲ್ಲ. ನಮ್ಮ ಗಡಿಯಾಚೆಗಿನ ಮರಾಠವಾಡದ ದಲಿತರ ಅಡುಗೆಯನ್ನು ಶಾಹು ಪಾಟೋಳೆಯವರು ೨೦೧೫ರಲ್ಲಿ ಮರಾಠಿಯಲ್ಲಿ ಪುಸ್ತಕವಾಗಿಸಿದರು. ‘ಅನ್ನ ಹೇ ಅಪೂರ್ಣಬ್ರಹ್ಮ’ ಎಂಬ ಅದರ ಹೆಸರೇ, ಅನ್ನವನ್ನು ಪೂರ್ಣಬ್ರಹ್ಮವೆನ್ನುವವರಿಗೆ ಒಂದು ಪ್ರಶ್ನೆ.

ಇಲ್ಲೊಂದು ಎಚ್ಚರ ಅಗತ್ಯ. ಈ ಊಟವನ್ನು ಹಾಡಿ ಹೊಗಳಿ ರಮ್ಯಗೊಳಿಸುವುದು ಸಲ್ಲದು. ಸತ್ತ ದನವನ್ನು ಹೊರುವ ಬಿಟ್ಟಿ ಕೆಲಸದೊಡನೆ ಅದರ ಮಾಂಸವೂ ದಲಿತರ ಪಾಲಿಗೆ ಬಂದದ್ದುಂಟು. ೧೯೨೭ರ ಮಹಾಡ ಸಮ್ಮೇಳನದಲ್ಲಿ ಅಂಬೇಡ್ಕರ್ ಅವರು ಸತ್ತ ದನದ ಮಾಂಸವನ್ನು ತೊರೆಯಿರಿ ಎಂದು ಕರೆಕೊಟ್ಟರು. ಅವರೇ ೧೯೪೮ರ ‘ದಿ ಅನ್‌ಟಚಬಲ್ಸ್’ ಗ್ರಂಥದಲ್ಲಿ ಗೋಮಾಂಸ ಸೇವನೆಗೂ ಅಸ್ಪೃಶ್ಯತೆಯ ಹುಟ್ಟಿಗೂ ಇರುವ ಸಂಬಂಧವನ್ನು ವಾದಿಸಿದರು. ತಿನ್ನಬೇಕೇ ಬಿಡಬೇಕೇ ಎಂಬುದನ್ನು ತಿನ್ನುವವರೇ ತೀರ್ಮಾನಿಸಬೇಕು. ಮೇಲಿನಿಂದ ಹೇರಿದ ಊಟವೂ ಮೇಲಿನಿಂದ ಹೇರಿದ ಉಪವಾಸವೂ ಒಂದೇ ದಬ್ಬಾಳಿಕೆಯ ಎರಡು ಮುಖಗಳು.

ಈಗ ಇಂದಿರಾಪುರಂಗೆ ಬರೋಣ. ಇಲ್ಲಿ ಕಾನೂನನ್ನು ಸ್ಪಷ್ಟವಾಗಿ ತಿಳಿದಿರಬೇಕು. ಉತ್ತರ ಪ್ರದೇಶದ ೧೯೫೫ರ ಗೋವಧೆ ತಡೆ ಕಾಯ್ದೆಯಂತೆ ಹಸು, ಎತ್ತು, ಹೋರಿಗಳ ವಧೆ ಅಪರಾಧ. ೨೦೨೦ರಲ್ಲಿ ಶಿಕ್ಷೆಯನ್ನು ಹತ್ತು ವರ್ಷದ ಸೆರೆವಾಸ, ಐದು ಲಕ್ಷ ರೂಪಾಯಿ ದಂಡದವರೆಗೆ ಏರಿಸಲಾಯಿತು. ದೆಹಲಿಯಲ್ಲಿ ೧೯೯೪ರ ಕಾಯ್ದೆಯಿದೆ. ಎಮ್ಮೆ, ಕೋಣಗಳು ಈ ಎರಡು ಕಾಯ್ದೆಗಳ ನಿಷೇಧದೊಳಗಿಲ್ಲ. ಹೀಗಾಗಿ ಇಲ್ಲಿ ನಾನು ಹೇಳುವ ಬಾಡು ಎಮ್ಮೆ ಅಥವಾ ಕೋಣದ್ದು. ಅಂಗಡಿಯವರ ಮಾತಿನಲ್ಲಿ ‘ಬಡೇ ಕಾ’. ಪರವಾನಗಿಯಿರುವ ಅಂಗಡಿಯಲ್ಲಿ ಕೊಂಡು ರಸೀದಿ ಇಟ್ಟುಕೊಳ್ಳುವುದು ಲೇಸು.

ಕಾಳಿನ ವಿಚಾರದಲ್ಲಿ ಈ ಊರು ನಮಗೆ ಪರಕೀಯವೇನಲ್ಲ. ಒಣ ಅವರೆಕಾಳನ್ನು ಗುಜರಾತಿ, ಮರಾಠಿಗರು ‘ವಾಲ್’ ಎನ್ನುತ್ತಾರೆ. ಆ ಹೆಸರಿನಲ್ಲಿ ಕೇಳಿದರೆ ದೊಡ್ಡ ಅಂಗಡಿಗಳಲ್ಲಿ ಸಿಗುತ್ತದೆ. ಅಲಸಂದೆ ಇಲ್ಲಿನ ಲೋಬಿಯಾ. ಈ ಭಾಗದಲ್ಲಿ ಉತ್ತರಾಖಂಡದವರು ಸಾಕಷ್ಟು ಮಂದಿ ನೆಲೆಸಿದ್ದಾರೆ. ಅವರು ‘ಗಹತ್’ ಎನ್ನುವುದು ನಮ್ಮ ಹುರುಳಿ, ‘ಮಂಡುವಾ’ ಎನ್ನುವುದು ನಮ್ಮ ರಾಗಿ. ಹಿಮಾಲಯದ ಬಡವರೂ ಮೈಸೂರು ಸೀಮೆಯ ಬಡವರೂ ಒಂದೇ ಕಾಳು, ಒಂದೇ ಹಿಟ್ಟು ಉಂಡು ಬೆಳೆದವರೆಂದು ನಮಗೆ ತಿಳಿಸಿದ್ದು ಕಿರಾಣಿ ಅಂಗಡಿಯೇ.

ಮಾಡುವ ಕ್ರಮ ಹೀಗೆ. ಆರು ಜನರಿಗೆ ಕಾಲು ಕಿಲೋ ಒಣ ಅವರೆಕಾಳು, ಅರ್ಧ ಕಿಲೋ ಮೂಳೆ ಸಹಿತವಾದ ಕಾಲಿನ ಭಾಗದ ಬಾಡು. ಕಾಳನ್ನು ಒಂದು ಚಮಚ ಉಪ್ಪು ಬೆರೆಸಿದ ಧಾರಾಳ ನೀರಿನಲ್ಲಿ ಎಂಟು ಹತ್ತು ಗಂಟೆ ನೆನೆಸಿ, ಆ ನೀರನ್ನು ಚೆಲ್ಲಬೇಕು. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲವೆಂಬ ನಂಬಿಕೆ ಸರಿಯಲ್ಲ. ಉಪ್ಪುನೀರಿನಲ್ಲಿ ನೆಂದ ಕಾಳಿನ ಸಿಪ್ಪೆ ಬೇಗ ಮೆದುವಾಗುತ್ತದೆ. ಬೇಯಲು ಅಡ್ಡಿ ಮಾಡುವುದು ಹುಳಿ. ಹುಣಿಸೆ, ಟೊಮೇಟೊಗಳನ್ನು ಕಾಳು ಪೂರ್ತಿ ಬೆಂದ ಮೇಲೆಯೇ ಹಾಕಬೇಕು. ಇನ್ನೊಂದು ಅಡ್ಡಿ ಗಡಸು ನೀರು. ಇಂದಿರಾಪುರಂಗೆ ಬರುವ ಗಂಗೆಯ ನೀರು ಹರಿದ್ವಾರದಿಂದ ಹೊರಡುವ ಮೇಲಣ ಗಂಗಾ ಕಾಲುವೆಯದು. ವರ್ಷಕ್ಕೊಮ್ಮೆ ದಸರಾ ದೀಪಾವಳಿಯ ಆಸುಪಾಸಿನಲ್ಲಿ ಹೂಳೆತ್ತಲು ಕಾಲುವೆಯನ್ನು ನಿಲ್ಲಿಸುತ್ತಾರೆ. ಆಗ ನಲ್ಲಿಗಳಲ್ಲಿ ಕೊಳವೆಬಾವಿಯ ನೀರು. ಆ ವಾರಗಳಲ್ಲಿ ಕಾಳು ಬೇಯದೆ ಹಟ ಹಿಡಿದರೆ ಗೃಹಿಣಿಯನ್ನು ದೂರಬೇಡಿ. ಶುದ್ಧೀಕರಿಸಿದ ನೀರನ್ನು ಬಳಸಿ, ಇಲ್ಲವೇ ಚಿಟಿಕೆ ಅಡುಗೆ ಸೋಡ ಹಾಕಿ.

ಅವರೆ ಸಿಗದೆ ರಾಜ್ಮಾ ಹಾಕುವವರು ಒಂದು ಮಾತನ್ನು ಮರೆಯಬಾರದು. ಹಸಿ ರಾಜ್ಮಾದಲ್ಲಿ ವಾಂತಿ ಭೇದಿ ತರುವ ಲೆಕ್ಟಿನ್ ಎಂಬ ವಿಷಾಂಶವಿದೆ. ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ, ಅರ್ಧ ಗಂಟೆಯಾದರೆ ಇನ್ನೂ ಒಳ್ಳೆಯದು, ಕೊತಕೊತ ಕುದಿಸಿಯೇ ಮುಂದುವರಿಯಬೇಕು. ಕುದಿ ಬಾರದ ಮಂದ ಶಾಖದಲ್ಲಿ ಇಡೀ ದಿನ ಇಟ್ಟರೂ ಅದು ಅಳಿಯದು.

ಬಾಡನ್ನು ಈರುಳ್ಳಿ, ಅರಿಸಿನ, ಉಪ್ಪುಗಳೊಡನೆ ಅದರ ನೀರು ಇಂಗುವ ತನಕ ಹುರಿದು, ಮುಳುಗುವಷ್ಟು ನೀರೆರೆದು, ಕುಕ್ಕರಿನಲ್ಲಾದರೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ, ತೆರೆದ ಪಾತ್ರೆಯಲ್ಲಾದರೆ ಎರಡೂವರೆ ಗಂಟೆ ಬೇಯಿಸಿ. ಕಾಳನ್ನು ಬೇರೆಯಾಗಿ ಮುಕ್ಕಾಲು ಪಾಲು ಬೇಯಿಸಿ. ಹುರಿದ ಧನಿಯಾ, ಒಣಮೆಣಸಿನಕಾಯಿ, ಚಕ್ಕೆ, ಲವಂಗ, ಗಸಗಸೆ, ಶುಂಠಿ, ಬೆಳ್ಳುಳ್ಳಿ, ಹಿಡಿ ತೆಂಗಿನತುರಿಗಳನ್ನು ನುಣ್ಣಗೆ ಅರೆದು, ಬಾಡು ಕಾಳುಗಳೊಡನೆ ಕೂಡಿಸಿ ಅರ್ಧ ಗಂಟೆ ಕುದಿಸಿ. ಒಂದು ಸೌಟು ಕಾಳನ್ನು ಹಿಸುಕಿ ಬಿಟ್ಟರೆ ಸಾರು ಮಂದವಾಗುತ್ತದೆ. ಕೊನೆಗೆ ಹುಳಿ, ಕೊತ್ತಂಬರಿ. ಮಂಡುವಾ ಹಿಟ್ಟಿನ ಮುದ್ದೆಯೊಡನೆ ಉಂಡರೆ ಮಂಡ್ಯಕ್ಕೂ ಗಾಜಿಯಾಬಾದಿಗೂ ನಡುವಣ ದೂರ ಕೊಂಚ ಕಡಿಮೆಯಾಗುತ್ತದೆ.

ಇಷ್ಟು ಸರಳವಾದ ಅಡುಗೆಯನ್ನು ಮಾಡಲು ಕಿಟಕಿ ಮುಚ್ಚಬೇಕಾದ ಪರಿಸ್ಥಿತಿ ಏಕೆ ಬಂತು? ೨೦೧೫ರ ಸೆಪ್ಟೆಂಬರ್ ೨೮ರ ರಾತ್ರಿ ನಮ್ಮ ನೆರೆಯ ಗೌತಮಬುದ್ಧ ನಗರ ಜಿಲ್ಲೆಯ ಬಿಸಾಡಾ ಗ್ರಾಮದಲ್ಲಿ, ಹಸುವನ್ನು ಕೊಂದನೆಂಬ ಪುಕಾರನ್ನು ನಂಬಿದ ಗುಂಪು ಮೊಹಮ್ಮದ್ ಅಖ್ಲಾಕ್ ಎಂಬುವರನ್ನು ಅವರ ಮನೆಗೇ ನುಗ್ಗಿ ಹೊಡೆದು ಕೊಂದಿತು. ೨೦೨೦ರ ಅಕ್ಟೋಬರಿನಲ್ಲಿ ಅಲಹಾಬಾದ್ ಹೈಕೋರ್ಟು, ಸಿಕ್ಕ ಮಾಂಸವನ್ನು ಪರೀಕ್ಷೆಗೊಳಪಡಿಸದೆಯೇ ಗೋಮಾಂಸವೆಂದು ತೋರಿಸಿ ನಿರಪರಾಧಿಗಳ ಮೇಲೆ ಈ ಕಾಯ್ದೆಯನ್ನು ದುರ್ಬಳಕೆ ಮಾಡಲಾಗುತ್ತಿದೆಯೆಂದು ಹೇಳಬೇಕಾಯಿತು. ತವರಿನ ಸ್ಥಿತಿ ಬೇರೆಯೇನಲ್ಲ. ೧೯೬೪ರ ಕರ್ನಾಟಕದ ಕಾಯ್ದೆ ಹನ್ನೆರಡು ವರ್ಷ ಮೀರಿದ ಎತ್ತು, ಎಮ್ಮೆ, ಕೋಣಗಳಿಗೆ ಅನುಮತಿಯ ದಾರಿಯಿಟ್ಟಿತ್ತು. ೨೦೨೧ರ ಜನವರಿಯಲ್ಲಿ ಜಾರಿಗೆ ಬಂದ ಹೊಸ ಶಾಸನ ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಅದನ್ನು ಉಳಿಸಿತು. ಮುದಿ ಎತ್ತನ್ನು ಮಾರಿ ಹೊಸ ಎತ್ತು ಕಟ್ಟುತ್ತಿದ್ದ ರೈತನ ಲೆಕ್ಕವೂ, ಅಗ್ಗದ ಬಾಡಿನಿಂದ ಮಕ್ಕಳಿಗೆ ಪುಷ್ಟಿ ಕೊಡುತ್ತಿದ್ದ ತಾಯಿಯ ಲೆಕ್ಕವೂ ಒಟ್ಟಿಗೇ ತಪ್ಪಿದವು.

ಕಾನೂನನ್ನು ಬದಲಿಸುವ ಶಕ್ತಿ ನಮ್ಮ ಸಂಘಗಳಿಗಿಲ್ಲ. ಆದರೆ ನಮ್ಮ ಪಂಕ್ತಿಯನ್ನು ಬದಲಿಸುವ ಶಕ್ತಿಯಿದೆ. ೨೦೧೪ರ ಕೇಂದ್ರ ಸರ್ಕಾರದ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐವರಲ್ಲಿ ಸುಮಾರು ನಾಲ್ವರು ಮಾಂಸಾಹಾರಿಗಳು. ಆದರೂ ೨೦೨೪ರ ಡಿಸೆಂಬರಿನ ಮಂಡ್ಯದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಸೂಚನೆಯೊಂದರಲ್ಲಿ ಮದ್ಯ, ತಂಬಾಕುಗಳ ಸಾಲಿನಲ್ಲಿಯೇ ಮಾಂಸಾಹಾರವನ್ನೂ ನಿಷೇಧಿಸಲಾಗಿತ್ತು. ಬಾಡೂಟ ಬೇಕೆಂದು ಜನ ದನಿಯೆತ್ತಬೇಕಾಯಿತು. ಬಾಡಿಗೆ ಮನೆ ಕೇಳಲು ಹೋದಾಗ ‘ಮಾಂಸ ತಿನ್ನುವವರೋ’ ಎಂಬ ಪ್ರಶ್ನೆ ಎದುರಾದರೆ ನಮಗೆ ಅವಮಾನವಾಗುತ್ತದೆ. ಅದೇ ಪ್ರಶ್ನೆಯನ್ನು ನಾವು ಬಾಯಿಬಿಟ್ಟು ಕೇಳದೆಯೇ ನಮ್ಮವರಿಗೆ ಕೇಳುತ್ತಿದ್ದೇವೆ. ರಾಜ್ಯೋತ್ಸವದ ಊಟಕ್ಕೆ ಬಾರದೆ ಉಳಿಯುವ ಕನ್ನಡಿಗರು ಯಾರು, ಏಕೆ ಉಳಿಯುತ್ತಾರೆ ಎಂದು ನಾವು ಲೆಕ್ಕ ಹಾಕಿಲ್ಲ.

ಎಲ್ಲರೂ ಈ ಬಾಡನ್ನು ತಿನ್ನಬೇಕೆಂದು ನಾನು ಹೇಳುತ್ತಿಲ್ಲ. ಒಲ್ಲದವರಿಗೆ ಅದೇ ಕಾಳು, ಅದೇ ಮಸಾಲೆ ಬಾಡಿಲ್ಲದೆಯೂ ಸೊಗಸಾದ ಸಾರಾಗುತ್ತದೆ. ನನ್ನ ಸೂಚನೆ ಚಿಕ್ಕದು. ಸಂಘ ಹೊರತರುವ ಮುಂದಿನ ಸಂಚಿಕೆಯಲ್ಲಿ ‘ಕರ್ನಾಟಕದ ಅಡುಗೆ’ ಎಂಬ ಪುಟವಿದ್ದರೆ ಎಲ್ಲ ಕೇರಿಗಳ ಸದಸ್ಯರಿಂದಲೂ ಬರೆಸಿರಿ. ಬರೆದುದನ್ನು ತಿದ್ದದೆ ಅಚ್ಚು ಮಾಡಿರಿ. ಮುಂದಿನ ರಾಜ್ಯೋತ್ಸವಕ್ಕೆ ಎರಡು ಪಾತ್ರೆ ಇಡಿ. ಕಾನೂನು ಒಪ್ಪುವುದನ್ನೇ ಬೇಯಿಸಿ, ಎರಡರ ಮೇಲೆಯೂ ಕನ್ನಡದಲ್ಲಿ ಹೆಸರು ಬರೆಯಿರಿ, ಎರಡನ್ನೂ ಒಂದೇ ಮೇಜಿನ ಮೇಲಿಡಿ. ಯಾವ ಪಾತ್ರೆಗೆ ಸೌಟು ಹಾಕಬೇಕೆಂಬುದನ್ನು ಉಣ್ಣುವವರು ತೀರ್ಮಾನಿಸಲಿ.