ಗುರುಗಳ ಕೈಬರಹ ಮತ್ತು ಕನ್ನಡದ ಫಾಂಟು
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಬಗ್ಗೆ ಹೇಳು ಎಂದರು ಸಮಿತಿಯವರು. ನಾನು ಅಕ್ಷರದ ಬಗ್ಗೆ ಹೇಳುತ್ತೇನೆ. ನಮ್ಮ ಕರೆಯೋಲೆ ನೋಡಿರಿ. ಇಂಗ್ಲಿಷ್ ಸಾಲು ಕೈಯಲ್ಲಿ ಬರೆದಂತೆ ಬಳುಕಿದೆ, ಕನ್ನಡ ಮಾತ್ರ ಸರ್ಕಾರಿ ಸುತ್ತೋಲೆಯಂತೆ ಸೆಟೆದು ನಿಂತಿದೆ. ಡಿ.ಟಿ.ಪಿ. ಮಾಡಿದವರ ತಪ್ಪಲ್ಲ. ಕೈಬರಹದ ಫಾಂಟುಗಳು ಇಂಗ್ಲಿಷಿನಲ್ಲಿ ಲೆಕ್ಕವಿಲ್ಲದಷ್ಟು, ಕನ್ನಡದಲ್ಲಿ ಕೆಲವೇ ಕೆಲವು.

ಇಂಗ್ಲಿಷಿನಲ್ಲಿ ದೊಡ್ಡವು ಸಣ್ಣವು ಸೇರಿ 52 ಅಕ್ಷರ ಬರೆದರೆ ಮುಖ್ಯ ಕೆಲಸ ಮುಗಿಯಿತು. ನಮ್ಮ ವರ್ಣಮಾಲೆ 49 ಅಕ್ಷರದ್ದಾದರೂ 34 ವ್ಯಂಜನಗಳಿಗೆ ಕಾಗುಣಿತ ಬೇಕು, ಒತ್ತು ಬೇಕು. 'ಕ'ಕ್ಕೆ ಗುಡಿಸು ಕೊಟ್ಟರೆ ತಲೆಕಟ್ಟು ಹೋಗಿ 'ಕಿ' ಬೇರೆಯೇ ಚಿತ್ರವಾಗುತ್ತದೆ. 'ಕ್ಷ' ಎಂಬುದು ಯೂನಿಕೋಡಿನಲ್ಲಿ ಕ, ಹಲಂತ ಚಿಹ್ನೆ, ಷ ಎಂಬ ಮೂರು ಸಂಕೇತ. ಮೂರೂ ಕೂಡಿದಾಗ ಯಾವ ರೂಪ ತೋರಿಸಬೇಕೆಂಬ ನಿಯಮ ಫಾಂಟಿನೊಳಗೆ ಇರಬೇಕು. ಇಂಥವು ನೂರಾರು. ಆದರೂ ಅರವಿಂದ ವಿ.ಕೆ. ಅವರು 'ನವಿಲು' ಎಂಬ ಕೈಬರಹದ ಫಾಂಟು ಮಾಡಿ ಎಲ್ಲರಿಗೂ ಮುಕ್ತವಾಗಿ ಬಿಟ್ಟಿದ್ದಾರೆ. ಮುಂಬೈನ ಏಕ್ ಟೈಪ್ ಬಳಗದ 'ಬಾಲೂ ತಮ್ಮ' ಕೂಡ ಉಚಿತ. ಅದು ಕೈಬರಹವಲ್ಲ, ಆದರೆ ದುಂಡಗೆ, ದಪ್ಪಗೆ, ಮಕ್ಕಳ ಪುಸ್ತಕದ ಹೊದಿಕೆಗೆ ಹೇಳಿ ಮಾಡಿಸಿದಂತಿದೆ.

ಇದನ್ನು ಎಲ್ಲಿ ಬಳಸಬೇಕು? ನಾವು ಬರೆಯುವಾಗ ಒಂದು 'ನ' ಇನ್ನೊಂದರಂತೆ ಇರುವುದಿಲ್ಲ. ಸಾಮಾನ್ಯ ಫಾಂಟಿನಲ್ಲಿ ಹತ್ತು 'ನ' ಬಂದರೂ ಒಂದೇ ಅಚ್ಚು. ಹಾಗಾಗಿ ಎರಡು ಸಾಲಿನ ತನಕ ಕೈಬರಹವೆಂದು ಕಣ್ಣು ನಂಬುತ್ತದೆ, ಇಡೀ ಪುಟ ತುಂಬಿಸಿದರೆ ಬಣ್ಣ ಬಯಲು. ಮದುವೆ ಕರೆಯೋಲೆಯ ತಲೆಬರಹ, ಗೋಡೆಪತ್ರಿಕೆ, ನಲಿಕಲಿ ಕಾರ್ಡು ಇವಕ್ಕೆ ಚಂದ. ನಮ್ಮ ತಿಕೋಟಾ ಭಾಗದ ಮಣೂಕದ ಪೊಟ್ಟಣಕ್ಕೂ ಚಂದ. ಹೆಸರು ಕೈಬರಹದಲ್ಲಿರಲಿ, ತೂಕ, ಬೆಲೆ, ತಾರೀಖು ಮಾತ್ರ ಸಾದಾ ಅಕ್ಷರದಲ್ಲೇ ಇರಲಿ.

ಅಂಕಪಟ್ಟಿಗೆ, ಉತಾರಕ್ಕೆ, ಔಷಧದ ಚೀಟಿಗೆ ಮಾತ್ರ ಬೇಡವೇ ಬೇಡ. 'ದ'ಕ್ಕೂ 'ಧ'ಕ್ಕೂ ನಡುವೆ ಇರುವುದು ಒಂದು ಸಣ್ಣ ಸೀಳು. ಅದು ಅಳಿಸಿಹೋದರೆ ಹೆಸರು ತಿದ್ದಿಸಲು ಎಷ್ಟು ಕಚೇರಿ ಅಲೆಯಬೇಕು ಎಂಬುದು ಇಲ್ಲಿ ಕೂತ ಹಲವರಿಗೆ ಗೊತ್ತು.

ಇನ್ನು ನನ್ನ ಬೇಡಿಕೆ. ಸಾಲಿಗಳಿಗೆ ಸ್ಮಾರ್ಟ್ ಬೋರ್ಡ್ ಬರುತ್ತಿವೆ, ಬರಲಿ. ಆದರೆ ಖಡು ಹಿಡಿದು ನಮಗೆ ಬರೆಯಲು ಕಲಿಸಿದ ಕೈಗಳಿಗೆ ವಯಸ್ಸಾಗಿದೆ, ಕೆಲವು ನಡುಗುತ್ತಿವೆ. ಆ ಬರಹ ಯಾವ ನೋಟ್‌ಬುಕ್ಕಿನಲ್ಲೂ ಉಳಿದಿಲ್ಲ. ಗಂಟೆ ಬಾರಿಸಿದಾಗಲೆಲ್ಲ ನಾವೇ ಒರೆಸಿದ್ದೇವೆ. ಗುರುಗಳೇ, ತಾವು ಬರೆದು ಕೊಟ್ಟರೆ ಫಾಂಟ್‌ಫೋರ್ಜ್ ಎಂಬ ಉಚಿತ ತಂತ್ರಾಂಶದಲ್ಲಿ ಅದನ್ನು ಫಾಂಟಾಗಿ ಜೋಡಿಸುವ ಕೆಲಸ ನನ್ನದು. ಯಾರು ಬೇಕಾದರೂ ಬಳಸಲಿ, ದುಡ್ಡು ಬೇಡ.

ಊಟವಾದ ಮೇಲೆ ವಿಜ್ಞಾನ ಕೊಠಡಿಗೆ ಬನ್ನಿರಿ. ಬಿಳಿ ಹಾಳೆ, ಸ್ಕೆಚ್ ಪೆನ್ನು ಇಟ್ಟಿದ್ದೇನೆ. ವರ್ಣಮಾಲೆ, ಕಾಗುಣಿತ, ಒತ್ತು, ಅಂಕಿ ಇಷ್ಟು ಸಾಕು. ಮುತ್ತಿನಂತೆ ಬರೆಯುವುದು ಬೇಡ, ಬೋರ್ಡಿನ ಮೇಲೆ ಬರೆಯುತ್ತಿದ್ದ ಹಾಗೆಯೇ ಬರೆಯಿರಿ. 'ಙ', 'ಞ' ಮಾತ್ರ ಬಿಡಬೇಡಿರಿ. ನಾವು ಪಾಟಿಯ ಮೇಲೆ ಬಿಟ್ಟಾಗ ತಾವು ಬಿಟ್ಟಿರಲಿಲ್ಲ.